ಕೊನೆಯ ಬಸ್ಸಿನ ಕಡೆಗೆ ನಡೆಯಬೇಡಿ

ಕಾರಿಲ್ಲದೆ ಕಾಡು ಸುತ್ತುವವರಿಗೆ ಈ ಬರಹ. ರೈಲಿಳಿದು, ನದಿ ಕಣಿವೆಯಲ್ಲಿ ದಿನವಿಡೀ ನಡೆದು, ಆ ತುದಿಯಲ್ಲಿ ಸಂಜೆಯ ಬಸ್ ಹಿಡಿದು ವಾಪಸ್ ಬರೋಣ ಅಂತ ನೀವೂ ಅಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ನಾನೂ ಅಕ್ಕನೂ ಅದನ್ನೇ ಮಾಡಿದೆವು. ರಾತ್ರಿ ಒಂಬತ್ತಕ್ಕೆ ಕತ್ತಲ ರಸ್ತೆಯ ಅಂಚಿನಲ್ಲಿ, ಒಂದೇ ಫೋನಿನ ಬೆಳಕಿನಲ್ಲಿ, ಅವಳು ನನ್ನ ಹೆಗಲು ಹಿಡಿದು ಕುಂಟುತ್ತಿದ್ದಳು.

ಪ್ಲಾನ್ ನನ್ನದೇ. ಕಣಿವೆಯ ಒಂದು ತುದಿಯಲ್ಲಿ ರೈಲು ನಿಲ್ದಾಣ, ಅರ್ಧ ಗಂಟೆಗೊಂದು ರೈಲು. ಇನ್ನೊಂದು ತುದಿಯಲ್ಲಿ ಪುಟ್ಟ ಊರು, ದಿನಕ್ಕೆ ಮೂರೇ ಬಸ್. ನಡುವೆ ನದಿ ಪಕ್ಕ 14 ಕಿಲೋಮೀಟರ್ ಕಾಲುದಾರಿ. ಕೊನೆಯ ಬಸ್ 6:10ಕ್ಕೆ ಅಂತ ಆಪ್ ತೋರಿಸಿತ್ತು. ನದಿ ಪಕ್ಕದ ದಾರಿ ತಾನೇ, ಸಮತಟ್ಟಾಗಿರುತ್ತೆ, ಮೂರು ಗಂಟೆ ಸಾಕು ಅಂದೆ. 11:20ಕ್ಕೆ ನಿಧಾನವಾಗಿ ಹೊರಟೆವು.

ನದಿ ಪಕ್ಕದ ದಾರಿ ಸಮತಟ್ಟು ಅನ್ನೋದು ನಕ್ಷೆ ನೋಡಿ ಮೋಸ ಹೋಗುವವರ ಮಾತು. ನದಿ ಮಾತ್ರ ಸಮವಾಗಿ ಹರಿಯುತ್ತದೆ, ದಾರಿಗೆ ಆ ಭಾಗ್ಯ ಇಲ್ಲ. ದಡದಲ್ಲಿ ಬಂಡೆ ಅಡ್ಡ ಬಂದ ಕಡೆಯೆಲ್ಲ ಅದು ಗುಡ್ಡ ಹತ್ತಿ, ಆಚೆ ಇಳಿದು, ಮತ್ತೆ ನೀರಿನ ಹತ್ತಿರ ಬರುತ್ತದೆ. ಹೊರಟ ಜಾಗ, ಸೇರುವ ಜಾಗ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿದ್ದವು. ಆದರೆ ಮಧ್ಯದ ಏರುಗಳನ್ನೆಲ್ಲ ಕೂಡಿದರೆ 450 ಮೀಟರ್! ಇದನ್ನು ಲೆಕ್ಕ ಹಾಕಿದ್ದು ಮನೆಗೆ ಬಂದ ಮೇಲೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೊಂದು ಸುಲಭ ಲೆಕ್ಕ ಕೊಟ್ಟಿದ್ದ. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ ನಮ್ಮ ದಾರಿಗೆ ಮೂರೂವರೆ ಗಂಟೆ. ಅದೂ ಕೂರದೆ, ಫೋಟೋ ತೆಗೆಯದೆ, ಗಟ್ಟಿಮುಟ್ಟಾದ ಕಾಲು ನಡೆದರೆ. ಒದ್ದೆ ಎಲೆ ಮುಚ್ಚಿದ ಬೇರುಗಳ ಮೇಲೆ ನಡೆಯುವ ನಮ್ಮಂಥವರು ಅದಕ್ಕೆ ಅದರ ಅರ್ಧದಷ್ಟು ಹೊತ್ತು ಇನ್ನೂ ಸೇರಿಸಿಕೊಳ್ಳಬೇಕು.

ಎರಡು ಗಂಟೆ ಹೊತ್ತಿಗೆ ನದಿ ದಾಟುವ ಜಾಗ ಸಿಕ್ಕಿತು. ಅಲ್ಲಿ ಸೇತುವೆ ಇಲ್ಲ, ಸಾಲಾಗಿ ಇಟ್ಟ ಕಲ್ಲುಗಳ ಮೇಲೆ ಕಾಲಿಟ್ಟು ದಾಟಬೇಕು. ಕಂಡಿದ್ದು ಎರಡೇ ಕಲ್ಲಿನ ತುದಿ. ನಮ್ಮ ತಲೆ ಮೇಲೆ ಆಕಾಶ ತಿಳಿಯಾಗಿತ್ತು, ಆದರೆ ಹಿಂದಿನ ರಾತ್ರಿ ಮೇಲಿನ ಗುಡ್ಡಗಳಲ್ಲಿ ಮಳೆಯಾಗಿತ್ತು. ನೀರು ಕೆಂಪಗಿತ್ತು. ಕಡ್ಡಿ, ಎಲೆ ತೇಲಿಕೊಂಡು ಬರುತ್ತಿದ್ದವು. ಅಷ್ಟು ನೋಡಿದರೇ ಸಾಕಿತ್ತು, ಅಲ್ವಾ?

ನನಗೆ ಸಾಕಾಗಲಿಲ್ಲ. "ಮೊಣಕಾಲಷ್ಟೇ ಇದೆ ಅಕ್ಕ" ಅಂತ ಇಳಿದೇಬಿಟ್ಟೆ. ನಾಲ್ಕನೇ ಹೆಜ್ಜೆಗೆ ಊರಿದ್ದ ಕೋಲು ಗಡಗಡ ನಡುಗತೊಡಗಿತು. ಅಡಿಯಲ್ಲಿ ಸಣ್ಣ ಕಲ್ಲುಗಳು ಉರುಳಿ ಬಂದು ಶೂಗೆ ಬಡಿಯುತ್ತಿದ್ದವು. ಆ ಟಕ್ ಟಕ್ ನೀರಿನ ಸದ್ದಿನ ನಡುವೆಯೂ ಕಾಲಿಗೆ ಗೊತ್ತಾಗುತ್ತಿತ್ತು. ಮುಂದಿಡಲು ಒಂದು ಕಾಲು ಎತ್ತಿದರೆ ನಿಂತ ಕಾಲನ್ನು ನೀರು ಎಳೆಯುತ್ತಿತ್ತು. ರಭಸದ ನೀರು ಗೇಣಿಗಿಂತ ಕಡಿಮೆ ಆಳವಿದ್ದರೂ ದೊಡ್ಡವರನ್ನು ಬೀಳಿಸಬಲ್ಲದು. ಅದೂ ಸಾಲದು ಅಂತ ನನ್ನ ಬ್ಯಾಗಿನ ಸೊಂಟದ ಪಟ್ಟಿ ಬಿಗಿಯಾಗಿಯೇ ಇತ್ತು. ನೀರಿಗಿಳಿಯುವ ಮೊದಲು ಅದನ್ನು ಬಿಚ್ಚಬೇಕು, ಇಲ್ಲದಿದ್ದರೆ ಬಿದ್ದಾಗ ಬ್ಯಾಗೇ ನಿಮ್ಮನ್ನು ಒಳಕ್ಕೆಳೆಯಬಹುದು. "ವಾಪಸ್ ಬಾರೋ, ಬಸ್ ಹೋದರೆ ಹೋಗಲಿ!" ಅಂತ ಅಕ್ಕ ಕಿರುಚಿದಳು. ಬಂದೆ.

ಬೇರೆ ಸೇತುವೆ ಹುಡುಕಿ ಸುತ್ತು ಹಾಕಿದ್ದರಲ್ಲಿ ಒಂದೂವರೆ ಗಂಟೆ ಹೋಯಿತು. ಕಣಿವೆಯೊಳಗೆ ಸಿಗ್ನಲ್ ಇಲ್ಲ. ಸಿಗ್ನಲ್ ಹುಡುಕಿ ಹುಡುಕಿ ನನ್ನ ಫೋನ್ ಸತ್ತೇಹೋಯಿತು. ಫ್ಲೈಟ್ ಮೋಡಿಗೆ ಹಾಕಿದ್ದರೆ ಉಳಿಯುತ್ತಿತ್ತು. ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಅಕ್ಕನ ಫೋನಿನಲ್ಲಿ ನಕ್ಷೆಯೇನೋ ಇತ್ತು, ಆದರೆ ಎತ್ತರದ ಬಂಡೆಗೋಡೆಗಳ ನಡುವೆ ನಾವಿರುವ ಚುಕ್ಕಿ ಒಮ್ಮೆ ಈ ದಡ, ಒಮ್ಮೆ ಆ ದಡ ಅಂತ ಹಾರುತ್ತಿತ್ತು. ಸೂರ್ಯನೂ ಬೇಗ ಗುಡ್ಡದ ಹಿಂದೆ ಹೋದ. ಸೂರ್ಯಾಸ್ತದ ಸಮಯ ಅಂತ ನಾವು ನೋಡಿಟ್ಟುಕೊಳ್ಳುವುದು ಬಯಲಿಗೆ ಸರಿ. ಕಣಿವೆಯ ತಳದಲ್ಲಿ, ಮರಗಳ ಕೆಳಗೆ, ಅದಕ್ಕಿಂತ ಎಷ್ಟೋ ಮೊದಲೇ ಮಬ್ಬಾಗುತ್ತದೆ.

ಇಷ್ಟಾಗಿಯೂ 5:50ಕ್ಕೆ ಬಸ್ ಸ್ಟಾಪ್ ತಲುಪಿದೆವು. ಇಪ್ಪತ್ತು ನಿಮಿಷ ಮೊದಲೇ! ನಾನಂತೂ ಬೀಗಿಬಿಟ್ಟೆ.

6:10 ಆಯಿತು. 6:25 ಆಯಿತು. ಅಕ್ಕ ಎದ್ದು ವೇಳಾಪಟ್ಟಿಯ ಹತ್ತಿರ ಹೋದಳು. ಗಾಜಿನ ಒಳಗೆಲ್ಲ ಹನಿ ಕಟ್ಟಿತ್ತು. ಬೆರಳಿಟ್ಟು ಸಾಲು ಸಾಲಾಗಿ ಓದಿದಳು. "ಇಲ್ಲಿ ನೋಡು, 6:10ರ ಪಕ್ಕ ಒಂದು ನಕ್ಷತ್ರ ಇದೆ." ಹಾಳೆಯ ಕೊನೆಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಅದರ ಅರ್ಥ ಇತ್ತು: ಶಾಲೆ ಇರುವ ದಿನಗಳಲ್ಲಿ ಮಾತ್ರ. ಅವತ್ತು ಶನಿವಾರ, ಶಾಲೆಗೆ ರಜೆ.

ಆಪ್ ಸುಳ್ಳು ಹೇಳಿರಲಿಲ್ಲ. ನಾನು ನೋಡಿದ್ದು ಗುರುವಾರ ಸಂಜೆ, ದಿನಾಂಕ ಬದಲಿಸದೆ. ಅದು ತೋರಿಸಿದ್ದು ಗುರುವಾರದ ಬಸ್. ಇಂಥ ಊರುಗಳ ಬಸ್ಸುಗಳು ಓಡುವುದೇ ಶಾಲೆ ಮಕ್ಕಳಿಗೆ, ಕೆಲಸಕ್ಕೆ ಹೋಗುವವರಿಗೆ. ನಮ್ಮಂಥ ಚಾರಣಿಗರು ಹೊರಡುವುದೋ ಅವರಿಗೆಲ್ಲ ರಜೆ ಇದ್ದಾಗ. ಹಾಗಾಗಿ ಹೋಗುವ ದಿನದ ದಿನಾಂಕವನ್ನೇ ಹಾಕಿ ನೋಡಿ, ಆಮೇಲೆ ಬಸ್ ಓಡಿಸುವವರಿಗೇ ಫೋನ್ ಮಾಡಿ ಕೇಳಿ. ಹಬ್ಬದ ದಿನ, ರಸ್ತೆ ಕೆಲಸದ ದಿನ ಆಪ್‌ನಲ್ಲಿರುವ ಬಸ್ ರಸ್ತೆಯಲ್ಲಿ ಇರಲಿಕ್ಕಿಲ್ಲ.

ನದಿ ಸುತ್ತಿ ಬಳಸಿ ಹರಿಯುತ್ತಿದ್ದರಿಂದ ರೈಲು ನಿಲ್ದಾಣಕ್ಕೆ ರಸ್ತೆಯಲ್ಲಿ 9 ಕಿಲೋಮೀಟರ್ ಅಷ್ಟೇ. ನಡೆದೆವು. ಇಡೀ ದಿನದಲ್ಲಿ ನನಗೆ ನಿಜವಾಗಿ ಹೆದರಿಕೆಯಾಗಿದ್ದು ನದಿಯಲ್ಲಲ್ಲ, ಇಲ್ಲೇ. ಪಕ್ಕದಲ್ಲಿ ನಡೆಯಲು ಜಾಗ ಇಲ್ಲ, ತಿರುವಿನ ಮೇಲೆ ತಿರುವು, ಇಬ್ಬರದೂ ಕಡು ಬಣ್ಣದ ಜಾಕೆಟ್. ಎದುರಿಗೆ ಬರುವ ಗಾಡಿ ಕಾಣುವ ಬದಿಯಲ್ಲೇ ನಡೆದೆವು, ಆದರೂ ಒಂದು ತಿರುವಿನಲ್ಲಿ ದೀಪ ಕಣ್ಣಿಗೆ ಹೊಡೆದಾಗ ಚರಂಡಿಗೇ ಹಾರಬೇಕಾಯಿತು. ಅಲ್ಲೇ ಅಕ್ಕನ ಕಾಲು ಉಳುಕಿದ್ದು. ನಿಲ್ದಾಣದಲ್ಲಿ ಕೂತು ಶೂ ಬಿಚ್ಚುವಾಗ ಅವಳ ಬ್ಯಾಗಿನ ಎದೆಪಟ್ಟಿಯ ಬಕಲ್ ಸೀಟಿ ಅಂತ ಗೊತ್ತಾಯಿತು. ನಿಮ್ಮದರಲ್ಲೂ ಇರಬಹುದು, ನೋಡಿಕೊಳ್ಳಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿದರೆ ಬೆಟ್ಟಗಾಡಿನಲ್ಲಿ ಅದು ಸಹಾಯಕ್ಕೆ ಕರೆ.

9:40 ಆಗಿದ್ದರೂ ರೈಲು ಇತ್ತು. ನಮ್ಮ ತಪ್ಪು ಎಲ್ಲಿ ಅಂತ ಹೊಳೆದಿದ್ದೂ ಅದರಲ್ಲಿ ಕೂತ ಮೇಲೆ. ಎಷ್ಟು ಹೊತ್ತಿಗಾದರೂ ಸಿಗುವ ರೈಲನ್ನು ಬೆಳಗ್ಗೆ ಬಳಸಿ, ದಿನಕ್ಕೆ ಮೂರೇ ಇರುವ ಬಸ್ಸನ್ನು ಸಂಜೆಗೆ ಇಟ್ಟುಕೊಂಡಿದ್ದೆವು. ಅದನ್ನು ತಿರುಗಿಸಬೇಕಿತ್ತು. ಅಪರೂಪದ ಬಸ್ಸನ್ನು ಬೆಳಗ್ಗೆಯೇ ಹಿಡಿದು ದೂರದ ತುದಿಗೆ ಹೋಗಿಬಿಡಿ, ಅಲ್ಲಿಂದ ರೈಲಿನ ಕಡೆಗೆ ನಡೆಯಿರಿ. ಬೆಳಗಿನ ಬಸ್ ಬರದಿದ್ದರೆ ಹಾಳಾಗುವುದು ಒಂದು ರಜೆ ಮಾತ್ರ, ಮನೆಗೆ ಹೋಗಿ ಮಲಗಬಹುದು. ಸಂಜೆ ಬರದಿದ್ದರೆ ಕಾಡು, ಕತ್ತಲು, ಚರಂಡಿ.

ಅಕ್ಕನ ಕಾಲು ವಾಸಿಯಾಗಲು ಮೂರು ವಾರ ಹಿಡಿಯಿತು. ಆಮೇಲೆ ಮತ್ತೆ ಹೋದೆವು, ಈ ಸಲ ಬೆಳಗಿನ ಬಸ್ಸಿನಲ್ಲಿ, ನಕ್ಷತ್ರ ಇಲ್ಲದ ಸಾಲು ನೋಡಿಕೊಂಡು. ನದಿ ಇಳಿದಿತ್ತು. ದಾಟುವ ಜಾಗದಲ್ಲಿ ಅಕ್ಕ ನಿಂತು ಕಲ್ಲು ಎಣಿಸಿದಳು. ಹನ್ನೊಂದಿದ್ದವು.