ಚಿಕ್ಕಮಗಳೂರಲ್ಲಿ ಟ್ಯೂನ್ ಆದ ಹಳೇ ಇಂಜಿನ್ನನ್ನು ಹಾಗೇ ಘಟ್ಟ ಇಳಿಸಬೇಡಿ

ರೀಬೋರ್ ಆಗಿ (ಸವೆದ ಸಿಲಿಂಡರ್ ಕೊರೆಸಿ), ಹೆಡ್ ಫೇಸಿಂಗ್ ಮಾಡಿಸಿ (ಸಿಲಿಂಡರ್ ಮುಚ್ಚಳದ ತಳ ತುಸು ಸವರಿಸಿ) ಕಂಪ್ರೆಷನ್, ಅಂದರೆ ಒಳಗಿನ ಮಿಶ್ರಣವನ್ನು ಅದುಮುವ ಪ್ರಮಾಣ, ಏರಿಸಿದ 1489 ಸಿಸಿ ಅಂಬಾಸಿಡರ್ ಇಂಜಿನ್. ಕೈಮರದಿಂದ ಸೀತಾಳಯ್ಯನಗಿರಿಗೆ ಮೂರು ಸಲ ಹತ್ತಿಸಿದರೂ ಒಂದು ತಕರಾರಿಲ್ಲ. ಅದೇ ಟ್ಯೂನಿಂಗಿನಲ್ಲಿ ಚಾರ್ಮಾಡಿ ಇಳಿದು, ಪೆಟ್ರೋಲ್ ಹಾಕಿಸಿ, ಉಜಿರೆ ದಾಟಿ 80ರ ವೇಗದಲ್ಲಿ ಅರ್ಧ ಗಂಟೆ ಓಡಿತು. ಮೂರನೇ ಸಿಲಿಂಡರಿನ ಪಿಸ್ಟನ್ ತೂತಾಯಿತು. ಟೆಂಪರೇಚರ್ ಮುಳ್ಳು ಕೊನೆತನಕ ನಾರ್ಮಲ್ಲಿನಲ್ಲೇ ಇತ್ತು. ಬಿಚ್ಚಿದ ಪ್ಲಗ್ಗಿನ ಪಿಂಗಾಣಿ ಸುಣ್ಣದಷ್ಟು ಬಿಳಿ, ಅದರ ಮೇಲೆ ಸಾಸಿವೆಗಿಂತ ಸಣ್ಣ ಅಲ್ಯೂಮಿನಿಯಂ ಹನಿಗಳು. ಪಿಸ್ಟನ್ ಕರಗಿ ಅಲ್ಲಿ ಅಂಟಿತ್ತು.

ತಪ್ಪು ನಡೆದದ್ದು ಮೇಲೇ. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರ. ಇಲ್ಲಿ ಗಾಳಿ ಕರಾವಳಿಗಿಂತ ಶೇ. 10ರಷ್ಟು ತೆಳು, ಹಾಗಾಗಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಶೇ. 5ರಷ್ಟು ರಿಚ್ ಆಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಹೆಚ್ಚು. ಕಪ್ಪು ಹೊಗೆ ಕಂಡು 115ರ ಮೇನ್ ಜೆಟ್ (ಪೆಟ್ರೋಲ್ ಹಾಯುವ ರಂಧ್ರವಿರುವ ಪುಟ್ಟ ತುಂಡು) ತೆಗೆದು 110 ಹಾಕಿದ್ದರು. ಜೆಟ್ ನಂಬರ್ ಅಂದರೆ ರಂಧ್ರದ ಅಗಲ, ಮಿಲಿಮೀಟರಿನ ನೂರನೇ ಭಾಗದಲ್ಲಿ. ಐದು ಇಳಿಸಿದರೆ ರಂಧ್ರದ ವಿಸ್ತೀರ್ಣ ಶೇ. 8.5 ಕುಗ್ಗುತ್ತದೆ. ಸಾಲದ್ದಕ್ಕೆ ಟ್ಯೂನ್ ಆದದ್ದು ಬೆಂಗಳೂರಿಂದ ತುಂಬಿಸಿ ತಂದ, ಎಥನಾಲ್ ಇಲ್ಲದ 100 ಆಕ್ಟೇನ್ ಪೆಟ್ರೋಲಿನಲ್ಲಿ. ಕೆಳಗೆ ಹಾಕಿಸಿದ್ದು ಶೇ. 20 ಎಥನಾಲಿನ ಮಾಮೂಲಿ ಪೆಟ್ರೋಲು. ಅದು ಮಿಶ್ರಣವನ್ನು ಇನ್ನೂ ಶೇ. 7–8 ಲೀನ್ ಮಾಡುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಇಂಧನ ಕಡಿಮೆ. ಜೆಟ್ಟು, ಎಥನಾಲು ಎರಡೂ ಸೇರಿ ಕರಾವಳಿಯಲ್ಲಿ ಶೇ. 15ರಷ್ಟು ಕೊರತೆ!

ಟೈಮಿಂಗನ್ನೂ ಮುಂದೆ ಒಯ್ದಿದ್ದರು, ಅಂದರೆ ಪ್ಲಗ್ಗಿನ ಕಿಡಿ ಬೇಗ ಹಾರುವಂತೆ ಮಾಡಿದ್ದರು. ಮೇಲೆ ಸಿಲಿಂಡರಿಗೆ ಗಾಳಿ ಕಡಿಮೆ ತುಂಬುವುದರಿಂದ ನಾಕಿಂಗ್ (ಮಿಶ್ರಣ ತಾನಾಗೇ ಸಿಡಿದು ಟಕಟಕ ಸದ್ದು) ಬರಲಿಲ್ಲ. ಕೆಳಗೆ ಪೂರ್ತಿ ಗಾಳಿ ಸಿಕ್ಕಿ ನಾಕಿಂಗ್ ಶುರುವಾದರೂ 80ರ ವೇಗದಲ್ಲಿ ಗಾಳಿ, ಗೇರಿನ ಸದ್ದಿನಲ್ಲಿ ಕೇಳಿಸದು. ಇಳಿಜಾರೂ ಸುಳಿವು ಕೊಡುವುದಿಲ್ಲ, ಅಲ್ಲಿ ಆಕ್ಸಿಲರೇಟರ್ ಮುಚ್ಚೇ ಇರುತ್ತದಲ್ಲ.

ಅಂಬಾಸಿಡರಿನ ಸೋಲೆಕ್ಸ್ ಕಾರ್ಬುರೇಟರ್‌ನಲ್ಲಿ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಸರಿಮಾಡಿದೆವು ಅಂದುಕೊಳ್ಳಬೇಡಿ. ಅದು ಐಡ್ಲಿಂಗಿಗೆ (ಕಾರು ನಿಂತಲ್ಲೇ ಇಂಜಿನ್ ಓಡುವಾಗ) ಮಾತ್ರ, ಓಡುವಾಗ ಇಂಜಿನ್ನಿಗೆ ಪೆಟ್ರೋಲ್ ಕೊಡುವುದು ಮೇನ್ ಜೆಟ್. ಇಳಿಯುವವರು 115, 120ರ ಜೆಟ್ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಘಟ್ಟದ ಬುಡದಲ್ಲಿ, ಬಂಕಿನ ಪೆಟ್ರೋಲಿಗೆ 120 ಹಾಕಿ, ಕಿಡಿಯ ಹೊತ್ತು ನಿಗದಿ ಮಾಡುವ ಡಿಸ್ಟ್ರಿಬ್ಯೂಟರನ್ನು ಎರಡು ಡಿಗ್ರಿ ಹಿಂದಕ್ಕೆ ತನ್ನಿ. ಮೊದಲು ಮೂಲ ಜಾಗಕ್ಕೆ ಮೊಳೆಯಿಂದಲೋ ಪೇಂಟಿನಿಂದಲೋ ಗುರುತು ಮಾಡಿ. ಹತ್ತು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಹಿಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ ಕ್ಲಚ್ ಒತ್ತಿ ಇಗ್ನಿಷನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ ನಾಲ್ಕೂ ಪ್ಲಗ್ ತೆಗೆಯಿರಿ. ತಿರುವಿನಲ್ಲಂತೂ ಈ ಪ್ರಯೋಗ ಬೇಡವೇ ಬೇಡ. ಹಾಲು ಬೆರೆಸಿದ ಟೀ ಬಣ್ಣ ಇದ್ದರೆ ಸರಿ, ಒಂದೇ ಒಂದು ಬಿಳಿಯಾಗಿದ್ದರೂ ಮುಂದಕ್ಕೆ ಹೋಗಬೇಡಿ. ಆ ಸಿಲಿಂಡರಿನ ಬಳಿ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಮಿಶ್ರಣ ತರುವ ಕೊಳವೆ ಇಂಜಿನ್ನಿಗೆ ಕೂಡುವಲ್ಲಿನ ಪಟ್ಟಿ) ಗಾಳಿ ಎಳೆಯುತ್ತಿರಬಹುದು.

ವಾಪಸ್ ಹತ್ತುವಾಗ 120 ಹಾಗೇ ಇದ್ದರೆ ಎಳೆತ ತುಸು ಕಡಿಮೆಯಾಗಿ ಸ್ವಲ್ಪ ಹೊಗೆ ಬರಬಹುದು. ಊರು ಮುಟ್ಟಿದ ಮೇಲೆ ಬದಲಿಸಿದರಾಯಿತು.