ಸಂಜೆ ಬೆಳಕು ಬರೆಯೋಕೆ ಯಾವ ಬಣ್ಣ? ನಾಲ್ಕನ್ನೂ ಹಚ್ಚಿ ನೋಡಿದ್ದು

ದೃಶ್ಯ ಒಂದೇ. ಮಳೆ ನಿಂತ ಮೇಲಿನ ಸಂಜೆ, ಎದುರಿಗೆ ಕೆರೆ, ಆಚೆ ಒಂದು ಗುಡ್ಡ, ಈಚೆ ದಡದಲ್ಲಿ ನಾಲ್ಕೈದು ಮರ. ಬೇರೆ ಬೇರೆ ದಿನ ಅದೇ ಜಾಗದಲ್ಲಿ, ಹೆಚ್ಚೂಕಡಿಮೆ ಅದೇ ಹೊತ್ತಿಗೆ ಕೂತು ವಾಟರ್ ಕಲರ್, ಅಕ್ರಿಲಿಕ್, ಆಯಿಲ್, ಸಾಫ್ಟ್ ಪೇಸ್ಟಲ್ (ಒಣ ಬಣ್ಣದ ಮೆತ್ತನೆ ಕಡ್ಡಿ) ನಾಲ್ಕರಲ್ಲೂ ಬರೆದೆ. ಕೆರೆ ಕೆರೆಯ ಹಾಗೆ ಕಾಣೋದು ಕಷ್ಟ ಅಲ್ಲ. ಆ ಹೊತ್ತಿನಲ್ಲಿ ಸುಮ್ನೆ ನೋಡುತ್ತಾ ಕೂತಾಗ ಮನಸ್ಸಿಗೆ ಏನೋ ಆಗುತ್ತದಲ್ಲ, ಅದು ಚಿತ್ರದಲ್ಲಿ ಉಳಿಯುತ್ತದಾ ಅನ್ನೋದು ನನ್ನ ಪ್ರಶ್ನೆ.

ವಾಟರ್ ಕಲರ್‌ನಿಂದ ಶುರು ಮಾಡಿದೆ. ಒದ್ದೆ ಕಾಗದದ ಮೇಲೆ ಆಕಾಶದ ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣ, ಹಾಕಿ, ಅದು ಆರುವ ಮೊದಲೇ ಗುಡ್ಡದ ನೀಲಿ ತಾಗಿಸಿದರೆ ಅಂಚು ತಾನೇ ಕರಗಿ ಮಂಜು ಆಗುತ್ತದೆ. ಇದನ್ನು ಬೇರೆ ಯಾವ ಬಣ್ಣದಲ್ಲೂ ಇಷ್ಟು ಸಲೀಸಾಗಿ ಮಾಡೋಕಾಗಲಿಲ್ಲ. ಆದರೆ ಆರಿದ ಮೇಲೆ ನೋಡಿದರೆ ನನ್ನ ಸಂಜೆ ಬೆಳಗ್ಗೆ ಆಗಿಬಿಟ್ಟಿತ್ತು! ವಾಟರ್ ಕಲರ್ ಆರಿದಾಗ ತಿಳಿಯಾಗುತ್ತದೆ, ಗೊತ್ತಿದ್ದೂ ಕೈ ಹೆದರಿತ್ತು. ಎರಡನೇ ಸಲ, ಇದು ಖಂಡಿತ ಜಾಸ್ತಿ ಆಯಿತು ಅನ್ನಿಸುವಷ್ಟು ಗಾಢವಾಗಿ ಹಾಕಿದೆ, ಆಗ ಸರಿಹೋಯಿತು. ಇನ್ನೊಂದು ತಾಪತ್ರಯ ಗಾಳಿಯ ತೇವ. ಮಳೆಯಾದ ಮೇಲೆ ಹೊರಗೆ ಕೂತರೆ ಕಾಗದ ಆರೋದೇ ಇಲ್ಲ, ಮರದ ಕಾಂಡ ಎಳೆಯೋಣ ಅಂದರೆ ಅದೂ ಮಂಜಿನೊಳಗೆ ಹರಡಿಕೊಂಡು ಹೋಗುತ್ತದೆ. ನೀರಿನ ಮೇಲಿನ ಹೊಳಪಿಗೆ ಕಾಗದದ ಬಿಳಿಯನ್ನೇ ಬಿಟ್ಟಿರಬೇಕು, ಮರೆತರೆ ಮುಗಿಯಿತು.

ಅಕ್ರಿಲಿಕ್ ಇದರ ಉಲ್ಟಾ. ಹಸಿ ಇದ್ದಾಗ ಅದರಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು ಹಾಲಿನ ಹಾಗಿರುತ್ತದೆ, ಆರಿದಾಗ ಪಾರದರ್ಶಕ ಆಗುತ್ತದೆ, ಹಾಗಾಗಿ ಬಣ್ಣ ಒಂದು ಮೆಟ್ಟಿಲು ಕೆಳಗಿಳಿದು ಗಾಢ ಆಗುತ್ತದೆ. ಸಂಜೆ ಆಕಾಶಕ್ಕೆ ಇದು ದೊಡ್ಡ ಪೆಟ್ಟು. ಕಿತ್ತಳೆಯಿಂದ ನೇರಳೆಗೆ ಮೆಲ್ಲಗೆ ಜಾರಬೇಕಾದ ಜಾಗದಲ್ಲಿ, ಮೇಲಿನ ಬಣ್ಣ ಕಲಸಿಕೊಂಡು ಬರುವಷ್ಟರಲ್ಲಿ ಕೆಳಗಿನದು ಆರಿಹೋಗಿ, ಪಟ್ಟೆ ಪಟ್ಟೆ ಆಕಾಶ ಬಂತು. ನಿಧಾನವಾಗಿ ಆರಿಸುವ ದ್ರವ ಸೇರಿಸಿದೆ, ಸ್ವಲ್ಪ ಸುಧಾರಿಸಿತು, ಅಷ್ಟೇ. ಬಿಸಿಲಿದ್ದರೆ ಪ್ಯಾಲೆಟ್ಟಿನಲ್ಲೇ ಸಿಪ್ಪೆ ಕಟ್ಟುತ್ತದೆ. ಒಳ್ಳೇದು ಒಂದಿದೆ: ಆರಿದ ಚಿತ್ರದ ಮೇಲೆ ತೆಳುವಾಗಿ ಬೆಚ್ಚಗಿನ ಬಣ್ಣದ ಒಂದು ಪದರ ಎಳೆದರೆ ಇಡೀ ದೃಶ್ಯಕ್ಕೆ ಒಂದೇ ಬೆಳಕು ಬಿದ್ದ ಹಾಗಾಗುತ್ತದೆ, ಕೆಳಗಿನದು ಕದಡೋದಿಲ್ಲ.

ಆಯಿಲ್ ವಿಷಯಕ್ಕೆ ಬಂದರೆ ಮಾತು ಉದ್ದ ಆಗುತ್ತದೆ. ದಿನಗಟ್ಟಲೆ ಹಸಿ ಇರುತ್ತದೆ, ಹಾಕಿದ ಬಣ್ಣ ಆರಿದ ಮೇಲೂ ಬಹುಮಟ್ಟಿಗೆ ಹಾಗೇ ಇರುತ್ತದೆ, ಗುಡ್ಡದ ಅಂಚನ್ನು ಒಣ ಬ್ರಶ್‌ನಿಂದ ಒಮ್ಮೆ ಸವರಿದರೆ ಸಾಕು, ದೂರ ಹೋಗಿ ಕೂರುತ್ತದೆ. ನಾನು ಎಡವಿದ್ದೂ ಇಲ್ಲೇ. ಬಣ್ಣ ಆರೋದಿಲ್ಲ ಅನ್ನುವ ಧೈರ್ಯದಲ್ಲಿ ತಿದ್ದುತ್ತಲೇ ಹೋದೆ. ಬೆಳಕು ಮಾತ್ರ ಕಾಯಲಿಲ್ಲ. ಕೊನೆಗೆ ಎಡಗಡೆ ಮರಗಳ ಮೇಲೆ ಐದೂವರೆಯ ಬಿಸಿಲು, ಬಲಗಡೆ ನೀರಿನಲ್ಲಿ ಆರೂಕಾಲರ ಕತ್ತಲೆ. ಬಣ್ಣಗಳು ಚೆನ್ನಾಗಿಯೇ ಇದ್ದವು, ಸಂಜೆ ಯಾವುದು ಅಂತಲೇ ಗೊತ್ತಾಗಲಿಲ್ಲ. 1890-91ರಲ್ಲಿ ಹುಲ್ಲಿನ ಬಣವೆಗಳನ್ನು ಇಪ್ಪತ್ತೈದರಷ್ಟು ಸಲ ಬರೆದ ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ, ಬೆಳಕು ಬದಲಾದ ಹಾಗೆ ಕ್ಯಾನ್ವಾಸನ್ನೇ ಬದಲಿಸುತ್ತಿದ್ದ. ಅದು ಹಟ ಅಂದುಕೊಂಡಿದ್ದೆ, ಬೇರೆ ದಾರಿಯೇ ಇಲ್ಲ ಅಂತ ಈಗ ಗೊತ್ತಾಯಿತು. ಈಗ ಎರಡು ಚಿಕ್ಕ ಬೋರ್ಡ್ ಒಯ್ಯುತ್ತೇನೆ, ಇಪ್ಪತ್ತು ನಿಮಿಷಕ್ಕೆ ಮೊದಲನೆಯದನ್ನು ಕೆಳಗಿಡುತ್ತೇನೆ. ಹಸಿ ಬೋರ್ಡ್ ಹೊತ್ತು ತರುವಾಗ ಅಂಗಿಗೆ ಬಳಿದುಕೊಂಡ ಕಥೆ ಬೇಡ ಬಿಡಿ.

ಪೇಸ್ಟಲ್ ಮೇಲೆ ನನಗೆ ಅಂಥ ನಂಬಿಕೆ ಇರಲಿಲ್ಲ, ಮಕ್ಕಳ ಸೀಮೆಸುಣ್ಣದ ಹಾಗೆ ಕಾಣುತ್ತದಲ್ವಾ. ಆದರೆ ಆರುವ ಮಾತೇ ಇಲ್ಲ, ಕಂಡ ಬಣ್ಣ ತಗೊಂಡು ಕಂಡ ಜಾಗಕ್ಕೆ ಒತ್ತಿದರೆ ಆಯಿತು. ಬೂದು ಕಾಗದದ ಮೇಲೆ ಹದಿನೈದು ನಿಮಿಷದಲ್ಲಿ ಆಕಾಶ, ನೀರು ಎರಡೂ ಕೂತವು. ಕಷ್ಟ ಏನೆಂದರೆ ಬೇಕಾದ ಬಣ್ಣದ ಕಡ್ಡಿ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಕಲಸಿ ಮಾಡೋಕೆ ಆಗೋದಿಲ್ಲ, ಹತ್ತಿರದ ಎರಡು ಕಡ್ಡಿಗಳನ್ನು ಗೆರೆ ಗೆರೆಯಾಗಿ ಎಳೆದು ಕಣ್ಣಿಗೆ ಮೋಸ ಮಾಡಬೇಕು. ಮರದ ಬುಡದ ಕತ್ತಲೆ ಆಯಿಲ್‌ನಷ್ಟು ಆಳ ಬರೋದಿಲ್ಲ. ಧೂಳು ಬೇರೆ. ಉದುರದಿರಲಿ ಅಂತ ಫಿಕ್ಸೇಟಿವ್ ಸಿಂಪಡಿಸಿದರೆ ಬಣ್ಣ ಮಂಕಾಗುತ್ತದೆ, ಅದಕ್ಕೇ ನಾನು ಸಿಂಪಡಿಸದೆ ಗಾಜು ಹಾಕಿಸುತ್ತೇನೆ.

ನಾಲ್ಕನ್ನೂ ಗೋಡೆಗೆ ಒರಗಿಸಿ ಫೋನಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದೆ. ಅಲ್ಲಿ ಗುಟ್ಟು ಸಿಕ್ಕಿತು. ಆಯಿಲ್ ಚಿತ್ರದಲ್ಲಿ ಸೂರ್ಯ ಹೊಳೆಯಲಿ ಅಂತ ಹಳದಿಗೆ ಬಿಳಿ ಸುರಿದಿದ್ದೆ. ಬೆಳ್ಳಗಂತೂ ಇತ್ತು, ಬಿಸಿಯೇ ಇರಲಿಲ್ಲ. ಪೇಸ್ಟಲ್‌ನಲ್ಲಿ ಬಿಳಿ ಕಡ್ಡಿ ಮುರಿದುಹೋಗಿ ಬರೀ ಕಿತ್ತಳೆ ಒತ್ತಿದ್ದೆ. ಕಪ್ಪು ಬಿಳುಪಿನಲ್ಲಿ ಆ ಸೂರ್ಯ ಸುತ್ತಲಿನ ಬೂದು ಆಕಾಶದಲ್ಲಿ ಮಾಯ, ಬಣ್ಣದಲ್ಲಿ ಮಾತ್ರ ಕೆಂಡದ ಹಾಗೆ ಉರಿಯುತ್ತಿತ್ತು. ಮೊನೆ 1872ರಲ್ಲಿ ಬರೆದ ಬಂದರಿನ ಸೂರ್ಯೋದಯದ ಚಿತ್ರದಲ್ಲೂ ಹೀಗೇ, ಬಣ್ಣ ತೆಗೆದರೆ ಸೂರ್ಯ ಹೆಚ್ಚುಕಡಿಮೆ ಕಾಣೋದೇ ಇಲ್ಲ. ನೆರಳಿನಲ್ಲೂ ಇಂಥದ್ದೇ ಪಾಠ: ಕಪ್ಪು ಹಾಕಿದ ಕಡೆ ಚಿತ್ರ ಸತ್ತಿತ್ತು, ಅಲ್ಟ್ರಾಮರೀನ್ ಅನ್ನುವ ಗಾಢ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಕಲಸಿದ ಬೂದಿನಲ್ಲಿ ಗಾಳಿ ಆಡುತ್ತಿತ್ತು.

ಹಾಗಾದರೆ ಯಾವುದು? ಹೊರಗೆ ಕೂತು ಬರೆಯೋಕೆ ನನ್ನ ಮತ ಪೇಸ್ಟಲ್‌ಗೆ, ಇದನ್ನು ನಾನೇ ನಿರೀಕ್ಷಿಸಿರಲಿಲ್ಲ. ಮಂಜು, ಮೋಡ, ಜಿಟಿಜಿಟಿ ಮಳೆ ಅಂದರೆ ವಾಟರ್ ಕಲರ್, ಆದರೆ ಸೂರಿನ ಕೆಳಗೆ ಕೂತು. ಪೇಸ್ಟಲ್ ನೋಡಿಕೊಂಡು ಮನೆಯಲ್ಲಿ ದೊಡ್ಡದಾಗಿ ಮಾಡೋಕೆ ಆಯಿಲ್. ಅಕ್ರಿಲಿಕ್ ಕೊನೆಗೆ. ಹಾಗಂತ ಟ್ಯೂಬುಗಳನ್ನು ಎಸೆದಿಲ್ಲ. ಆಯಿಲ್ ಶುರು ಮಾಡುವ ಮೊದಲು ಬಿಳಿ ಬೋರ್ಡಿಗೆ ಬರ್ನ್ಟ್ ಸಿಯೆನ್ನಾ ಅಕ್ರಿಲಿಕ್ ತೆಳ್ಳಗೆ ಬಳಿದಿಡುತ್ತೇನೆ, ಬೇಗ ಆರುತ್ತದೆ, ಮೇಲಿನ ನೀಲಿಯ ಸಂದಿಯಲ್ಲಿ ಆ ಕೆಂಚು ಇಣುಕುತ್ತದೆ. ಅಕ್ರಿಲಿಕ್ ಮೇಲೆ ಆಯಿಲ್ ನಿಲ್ಲುತ್ತದೆ, ಆಯಿಲ್ ಮೇಲೆ ಅಕ್ರಿಲಿಕ್ ಮಾತ್ರ ಹಚ್ಚಬೇಡಿ, ಕಿತ್ತು ಬರುತ್ತದೆ.