ಎಡಿಂಗ್ಟನ್: ಊರು ಒಂದೇ, ಫೋನಿಗೊಂದು ಲೋಕ

ಈ ಸಿನಿಮಾ ನೋಡಿ ಎರಡು ದಿನ ಆಯ್ತು, ಆ ಪೊಲೀಸ್ ಗಾಡಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಜೋ ಕ್ರಾಸ್ ಮೇಯರ್ ಚುನಾವಣೆಗೆ ನಿಂತಿದ್ದಾನೆ. ಸರ್ಕಾರಿ ಗಾಡಿಗೇ ಮೈತುಂಬ ಪ್ರಚಾರದ ಬೋರ್ಡು ಕಟ್ಟಿಕೊಂಡು ಊರೆಲ್ಲ ಸುತ್ತುತ್ತಾನೆ. 'ನಿಮ್ಮನ್ನು ಕುಣಿಸುತ್ತಿದ್ದಾರೆ' ಅನ್ನೋ ಅರ್ಥದ ಇಂಗ್ಲಿಷ್ ಬೋರ್ಡ್ ಒಂದಿದೆ, ಅದರ ಮೊದಲ ಪದದ ಸ್ಪೆಲ್ಲಿಂಗೇ ತಪ್ಪು. ಜೋರಾಗಿ ನಕ್ಕುಬಿಟ್ಟೆ. ಆದರೆ ಅವನು ಅದನ್ನು ಮನಸಾರೆ ನಂಬಿ ಬರೆಸಿದ್ದಾನೆ ಅಂತ ಹೊಳೆದಾಗ ಪಾಪ ಅನ್ನಿಸಿತು.

ನಿರ್ದೇಶಕ ಆರಿ ಆಸ್ಟರ್. 2025ರ ಚಿತ್ರ. ಕತೆ ನಡೆಯೋದು ಅಮೆರಿಕದ ನ್ಯೂ ಮೆಕ್ಸಿಕೊದ ಒಂದು ಪುಟ್ಟ ಊರಲ್ಲಿ, 2020ರ ಮೇ ತಿಂಗಳಲ್ಲಿ. ಕೊರೋನಾ ಕಾಲ. ಜೋಗೆ ಆಸ್ತಮಾ, ಮಾಸ್ಕ್ ಹಾಕಲ್ಲ ಅಂತಾನೆ. ಮೇಯರ್ ಟೆಡ್ ಗಾರ್ಸಿಯಾ ಹಾಕಲೇಬೇಕು ಅಂತಾನೆ. ಸೂಪರ್ ಮಾರ್ಕೆಟ್‌ನಲ್ಲಿ ಶುರುವಾದ ಆ ಜಟಾಪಟಿ, ಜೋ ಗಾಡಿಯೊಳಗೆ ಕೂತು ಫೋನ್ ಹಿಡಿದು ವಿಡಿಯೋ ಮಾಡಿದ್ದೇ ತಡ, ಚುನಾವಣೆಯಾಗಿಬಿಡುತ್ತದೆ. ಹೆಂಡತಿಯನ್ನು ಒಂದು ಮಾತೂ ಕೇಳಿಲ್ಲ!

ನನಗೆ ತುಂಬಾ ಹಿಡಿಸಿದ್ದು ಇದೇ. ಬೀದಿ ಒಂದೇ, ಜನ ಅವರೇ, ಆದರೆ ಒಬ್ಬೊಬ್ಬರೂ ಅವರವರ ಫೋನಿನಲ್ಲಿ ಬೇರೆ ಬೇರೆ ಊರಲ್ಲಿ ಬದುಕುತ್ತಿದ್ದಾರೆ. ಜೋನ ಅತ್ತೆ ಡಾನ್‌ಗೆ ಎಲ್ಲದರ ಹಿಂದೆಯೂ ಒಂದು ಪಿತೂರಿ ಕಾಣುತ್ತದೆ. ಹೆಂಡತಿ ಲೂಯಿಸ್, ನೆಟ್‌ನಲ್ಲಿ ಹೆಸರು ಮಾಡಿದ ಒಬ್ಬ ಮಾತುಗಾರನ ಹಿಂದೆ ಬೀಳುತ್ತಾಳೆ. ಬ್ರಯನ್ ಅನ್ನೋ ಹುಡುಗ ಇಷ್ಟಪಟ್ಟ ಹುಡುಗಿಗೋಸ್ಕರ ಚಳವಳಿಗೆ ಸೇರಿ, ಆನ್‌ಲೈನ್‌ನಲ್ಲಿ ಓದಿದ್ದನ್ನೆಲ್ಲ ಊಟದ ಮೇಜಿನಲ್ಲಿ ಅಪ್ಪ ಅಮ್ಮನಿಗೆ ಪಾಠ ಮಾಡುತ್ತಾನೆ. ಇನ್ನೊಂದು ಕಡೆ, ಪೊಲೀಸರ ಕೈಯಲ್ಲಿ ಸತ್ತ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಸಾವಿನ ವಿರುದ್ಧ ಬೀದಿಗಿಳಿದ ಬಿಳಿಯ ಹುಡುಗರು ಕಪ್ಪು ಪೊಲೀಸ್ ಮೈಕಲ್‌ಗೇ ಬುದ್ಧಿ ಹೇಳಲು ನಿಲ್ಲುತ್ತಾರಲ್ಲ, ಅಲ್ಲಿ ಅವನ ಮುಖ ನೋಡಿ, ಏನು ಹೇಳಬೇಕೋ ತಿಳಿಯದೆ ಸುಮ್ನೆ ನಿಂತುಬಿಡುತ್ತಾನೆ.

ಟೆಡ್ ಮನೆಯ ಪಾರ್ಟಿ ದೃಶ್ಯವನ್ನಂತೂ ಮರೆಯೋಕಾಗಲ್ಲ. ಜೋ ಬಂದು ಹಾಡಿನ ಸದ್ದು ತಗ್ಗಿಸುತ್ತಾನೆ. ಟೆಡ್ ಮತ್ತೆ ಜೋರು ಮಾಡುತ್ತಾನೆ. ಇವನು ತಗ್ಗಿಸೋದು, ಅವನು ಏರಿಸೋದು, ಕೊನೆಗೆ ಟೆಡ್ ಎಲ್ಲರೆದುರು ಕೆನ್ನೆಗೆ ಬಾರಿಸುತ್ತಾನೆ. ಆನ್‌ಲೈನ್‌ನಲ್ಲಿ ಅಷ್ಟು ಮಾತಾಡುವ ಜೋ ಅಲ್ಲಿ ಒಂದು ಮಾತಾಡದೆ ಹೊರಟುಹೋಗುತ್ತಾನೆ. ಜೋ ಆಗಿ ವಾಕೀನ್ ಫೀನಿಕ್ಸ್ ಆ ಅವಮಾನವನ್ನು ನಡಿಗೆಯಲ್ಲೇ ತೋರಿಸಿದ್ದಾರೆ. ಟೆಡ್ ಆಗಿ ಪೆಡ್ರೊ ಪಾಸ್ಕಲ್ ಕೂಡ ಅಷ್ಟೇ ಸೊಗಸು, ಒಳ್ಳೆಯವನ ನಗುವಿನ ಹಿಂದೆ ಏನೋ ಲೆಕ್ಕಾಚಾರ ಇದ್ದೇ ಇರುತ್ತದೆ.

ಬೇಜಾರಾದ ವಿಷಯಾನೂ ಇದೆ. ಸಿನಿಮಾ ಎರಡೂವರೆ ಗಂಟೆಯ ಹತ್ತಿರ ಇದೆ, ಮುಕ್ಕಾಲು ದಾಟಿದ ಮೇಲೆ ನಗು ಹೋಗಿ ಬರೀ ಗುಂಡಿನ ಸದ್ದು. ಅಷ್ಟು ಬೇಕಿರಲಿಲ್ಲ. ಎಮ್ಮಾ ಸ್ಟೋನ್‌ಗೆ ಲೂಯಿಸ್ ಪಾತ್ರದಲ್ಲಿ ಕೆಲಸ ತೀರಾ ಕಡಿಮೆ. ಅವಳ ನೋವನ್ನು ಜೋ ವೋಟಿಗಾಗಿ ವಿಡಿಯೋದಲ್ಲಿ ಬಳಸಿಕೊಳ್ಳುವಾಗ ನನಗೆ ಮೈಯೆಲ್ಲ ಉರಿಯಿತು, ಅಂಥ ಹೊತ್ತಲ್ಲಿ ಕತೆ ಅವಳ ಜೊತೆ ಇನ್ನಷ್ಟು ಹೊತ್ತು ಇರಬೇಕಿತ್ತು ಅಲ್ವಾ?

ಇಷ್ಟೆಲ್ಲ ಜಗಳದ ನಡುವೆ ಊರ ಪಕ್ಕ ಒಂದು ದೊಡ್ಡ ಡೇಟಾ ಸೆಂಟರ್, ಅಂದರೆ ಸಾಲುಸಾಲು ಕಂಪ್ಯೂಟರ್‌ಗಳನ್ನು ಇಡುವ ಕಟ್ಟಡ, ಬರೋದಿದೆ. ಶುರುವಿನಲ್ಲೇ ಅದರ ಸುಳಿವು ಸಿಗುತ್ತದೆ, ಆಮೇಲೆ ಮಾಸ್ಕ್ ಗಲಾಟೆಯಲ್ಲಿ ಊರವರ ಜೊತೆ ನಾನೂ ಅದನ್ನು ಮರೆತುಬಿಟ್ಟಿದ್ದೆ. ಕೊನೆಯಲ್ಲಿ ಅದು ಮತ್ತೆ ಎದುರಾದಾಗ ಬೆಚ್ಚಿಬಿದ್ದೆ. ಅದಕ್ಕೋಸ್ಕರವೇ ಇನ್ನೊಂದು ಸಲ ನೋಡುತ್ತೇನೆ. ನೀವೂ ನೋಡಿ. ಮಕ್ಕಳನ್ನು ಮಾತ್ರ ಜೊತೆಗೆ ಕೂರಿಸಿಕೊಳ್ಳಬೇಡಿ, ರಕ್ತಪಾತ ಜಾಸ್ತಿ ಇದೆ.